ನೀಲಿ ದಾರದ ಸೀಟು

ಮಾರ್ಚ್ 3

ತಮ್ಮನಿಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಎಲ್ಲರೂ ಅಂದರೆ ನಾನೊಬ್ಬಳೇ.

ನಿನ್ನ ಹಿಂದಿನ ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಹಳೆಯ ಮಾತೇ ಪೆನ್ನಿನ ತುದಿಗೆ ಬರುತ್ತಿತ್ತು. ನಾನು ಮಾಡಿದ ಮೊದಲ ಸೀಟಿನ ಮೇಲೆ ಕೂತು ಕಾರು ಓಡಿಸಿ, “ಇದರಿಂದ ಏಳುವಾಗ ನಾನು ಮುದುಕನಾಗಿರುತ್ತೇನೆ” ಎಂದು ನೀನು ವರದಿ ಬರೆದೆ. ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ನನ್ನ ಕಡೆ ನೋಡಿಕೊಂಡು ನಕ್ಕರು. ನೀನು ಬರೆದದ್ದು ಸುಳ್ಳಲ್ಲ. ಅದಕ್ಕೇ ನುಂಗಲು ಕಷ್ಟವಾಯಿತು. ಇರಲಿ.

ಈಗ ಹೊಸ ಮಾತು ಇದೆ. ನಮ್ಮ ಪುಟ್ಟ ಕೂಪೆ ಕಾರಿಗೆ ಮುಖ ಬದಲಿಸುತ್ತಿದ್ದಾರೆ. ಅದು ಬಂದು ಮೂರು ವರ್ಷವಾಯಿತಲ್ಲ, ಕೊಳ್ಳುವವರ ಕಣ್ಣಿಗೆ ಹಳೆಯದಾಗಿದೆಯಂತೆ. ಪೂರ್ತಿ ಹೊಸ ಕಾರು ಬರಲು ಇನ್ನೂ ಕಾಲವಿದೆ. ಅಲ್ಲಿಯವರೆಗೆ ಇದನ್ನೇ ಸಿಂಗಾರ ಮಾಡಿ ನಿಲ್ಲಿಸಬೇಕು. ಮೂಗು ಹೊಸದು, ದೀಪ ಮೊದಲಿಗಿಂತ ಚೂಪು, ಬಂಪರ್ ಬೇರೆ, ಒಳಗೆ ಟಿವಿಯಂಥ ದೊಡ್ಡ ಪರದೆ. ಆ ಎರಡು ಬಾಗಿಲು, ತಗ್ಗಿದ ಛಾವಣಿ, ಹಿಂದಿನ ಗಾಲಿಯ ಮೇಲಿನ ಉಬ್ಬು, ಇವನ್ನು ಮುಟ್ಟುವುದಿಲ್ಲ. ಸೀಟನ್ನು ಮಾತ್ರ ಮುಟ್ಟುತ್ತಾರೆ. ಎತ್ತರದವರಿಗೆ ಛಾವಣಿ ತಲೆಗೆ ತಾಗುತ್ತದೆ ಎಂದು ದೂರು ಬಂದಿದೆ. ಸೀಟು ತೆಳುವಾಗಬೇಕು, ಆದರೆ ತೆಳುವಾದದ್ದು ಮೈಗೆ ಗೊತ್ತಾಗಬಾರದು.

ಅದನ್ನು ಸೀಟಿನ ಮಾದರಿ ಹೊಲಿಯುವ ನಮ್ಮ ಕೋಣೆಗೂ ಹೇಳಿದ್ದಾರೆ, ಊರಾಚೆಯ ಸೀಟಿನ ಕಾರ್ಖಾನೆಗೂ ಹೇಳಿದ್ದಾರೆ. ಗುಬ್ಬಿ ನಿನಗೆ ನೆನಪಿರಬಹುದು. ನನ್ನ ಪಕ್ಕದ ಮಿಷನ್ನಿನಲ್ಲಿ ಹೊಲಿಗೆ ಕಲಿತ ಹುಡುಗಿ. ಹೋದ ವರ್ಷ ಅಲ್ಲಿಗೆ ಸೇರಿಕೊಂಡಳು. ಹೊರಡುವ ದಿನ ನನ್ನ ಹಳೆಯ ಕತ್ತರಿ ಕೊಡಲು ಹೋದೆ. “ಬೇಡ ಅಕ್ಕ, ನೀವು ಕಲಿಸಿದ ಕೈ ಇದ್ಯಲ್ಲ, ಸಾಕು” ಅಂದಳು. ಈಗ ಅವರ ಸೀಟು ಅವಳೇ ಮಾಡುತ್ತಿದ್ದಾಳೆ.

ಓಡಿಸಿ ನೋಡುವವರು ಯಾವುದನ್ನು ಒಪ್ಪುತ್ತಾರೋ ಅದು ಕಾರಿಗೆ ಹೋಗುತ್ತದೆ. ಅವರದು ಗೆದ್ದರೆ ನಮ್ಮ ಕೋಣೆ ಮುಚ್ಚುತ್ತದೆ. ಮೇಲ್ವಿಚಾರಕರು ಆಗಲೇ ಬಂದು ಕಿಟಕಿ ನೋಡಿಕೊಂಡು ಹೋದರು. “ಒಳ್ಳೆ ಬೆಳಕಿದೆ ಇಲ್ಲಿ, ಕಾರಿನ ಪರದೆ ಮಾಡೋರಿಗೆ ಅನುಕೂಲ” ಅಂದರು. ನಾವು ಇನ್ನೂ ಒಳಗೇ ಕೂತಿದ್ದೆವು.

ಸೀಟುಗಳು ಬರುವುದು ನೀನು ಕಾರು ಓಡಿಸಿ ನೋಡುವ ಮೈದಾನಕ್ಕೇ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳಿದರೆ ಮೇಲು ಎಂದು ಬರೆದೆ. ಇನ್ನು ಇದರ ಬಗ್ಗೆ ಬರೆಯುವುದಿಲ್ಲ.

ನಿನ್ನ ಅಕ್ಕ

*

ಮಾರ್ಚ್ 16

ಅಕ್ಕಾ,

ನಿನ್ನ ಕಾಗದ ತಲುಪಿತು. ಒಡೆದೇ ತಲುಪಿತು. ಇಲ್ಲಿ ಹಾಗೆಯೇ. ಹೊಸ ಕಾರಿನ ಫೋಟೋ ಹೊರಗೆ ಹೋಗಬಾರದೆಂದು ನಮ್ಮ ಫೋನುಗಳನ್ನೆಲ್ಲ ಗೇಟಿನಲ್ಲಿ ಇಟ್ಟುಕೊಳ್ಳುತ್ತಾರೆ, ರಜೆಗೆ ಹೊರಟಾಗ ಕೊಡುತ್ತಾರೆ. ಬರುವ ಕಾಗದ, ಹೋಗುವ ಕಾಗದ ಎರಡನ್ನೂ ಗೇಟಿನ ಮಾಮ ಓದಿಯೇ ಬಿಡುತ್ತಾರೆ.

“ನಿಮ್ಮಕ್ಕ ಬರ್ದಿದ್ದಾರೆ. ಎಷ್ಟೋ ದಿನದ್ ಮೇಲೆ ಬರ್ದಿರೋ ಹಾಗಿದೆ, ನಿಂತ್ಕೊಂಡು ಓದ್ಬೇಡ, ಕೂತ್ಕೊಂಡು ಓದು” ಅಂದರು.

“ನೀವು ಓದಿದ್ರಾ ಮಾಮ?”

“ಅದೇ ಅಲ್ವೇನಪ್ಪ ನನ್ ಕೆಲ್ಸ. ಕಾರಿನ ಚಿತ್ರ ಗಿತ್ರ ಏನಾದ್ರೂ ಇದ್ಯಾ ಅಂತ ನೋಡ್ದೆ. ಇರ್ಲಿಲ್ಲ. ಅಲ್ಲ, ಆ ಗುಬ್ಬಿಗೆ ಕತ್ತರಿ ಈಸ್ಕೊಳ್ಳೋಕೇನಾಗಿತ್ತು?”

ನಿನ್ನ ಕೂಪೆ ಇಲ್ಲಿಗೆ ಬಂದಿದೆ. ಹೊಸ ಮೂಗು ಕಾಣದಂತೆ ಮೈತುಂಬ ಕಪ್ಪು ಬಿಳಿ ಪಟ್ಟೆ ಅಂಟಿಸಿದ್ದಾರೆ. ನೋಡಿದರೆ ಕಣ್ಣು ಕತ್ತಲೆ ಬರುತ್ತದೆ. ಬಾಗಿಲು ತೆಗೆದು ಒಳಗೆ ಕೂತರೆ ಅದೇ ಹಳೆಯ ಕಾರು. ಬಾಗಿಲು ಹಾಕಿದಾಗ ಅದೇ ಸದ್ದು. ಸದ್ಯಕ್ಕೆ ಬ್ರೇಕು, ಟೈರು ನೋಡುತ್ತಿದ್ದೇವೆ. ಇಲ್ಲಿ ಬಿಸಿಲು ಜಾಸ್ತಿ. ಮೈದಾನದ ಸುತ್ತ ಒಂದು ಮರವೂ ಇಲ್ಲ, ತಂತಿ ಬೇಲಿ ಮಾತ್ರ.

ನಾನು ಶಾಲೆಗೆ ಹೋಗುವಾಗ ನೀನು ಹೊಲಿದುಕೊಟ್ಟ ಚೀಲ ನೆನಪಾಯಿತು. ಪಟ್ಟಿಯ ತುದಿಯಲ್ಲಿ ದಾರವನ್ನು ಎರಡು ಸುತ್ತು ಸುತ್ತಿ, ಹಿಂದಕ್ಕೆ ಎಳೆದು, ಸಾಸಿವೆ ಕಾಳಿನಷ್ಟು ಗಂಟು ಹಾಕುತ್ತಿದ್ದೆ. ಅದು ಭುಜಕ್ಕೆ ಒತ್ತಿ ಒತ್ತಿ ಅಲ್ಲೊಂದು ಕಲೆಯೇ ಆಗಿತ್ತು. ಚೀಲ ಹರಿಯಿತು, ಗಂಟು ಬಿಚ್ಚಲಿಲ್ಲ. ಈಗಲೂ ಹಾಗೆಯೇ ಗಂಟು ಹಾಕುತ್ತೀಯಾ?

ಕೋಣೆ ಮುಚ್ಚಿದರೆ ನಿನ್ನನ್ನು ಎಲ್ಲಿಗೆ ಹಾಕುತ್ತಾರೆ? ಅದನ್ನು ನೀನು ಬರೆಯಲಿಲ್ಲ.

ನಿನ್ನ ತಮ್ಮ

*

ಏಪ್ರಿಲ್ 21

ತಮ್ಮನಿಗೆ,

ಎಲ್ಲಿಗೂ ಹಾಕುವುದಿಲ್ಲ. ಅದಕ್ಕೇ ಬರೆಯಲಿಲ್ಲ.

ಸೀಟು ಇವತ್ತು ಲಾರಿ ಹತ್ತಿತು. ಅಷ್ಟು ದಿನ ಬೇರೆ ಯಾವುದಕ್ಕೂ ಕೈಗೆ ಬಿಡುವಿರಲಿಲ್ಲ. ಸ್ಪಂಜನ್ನು ಬಿಸಿ ಚಾಕುವಿನಲ್ಲಿ ಸವರಿ ಸವರಿ ತೆಗೆಯಬೇಕು. ಒಂದು ಕಡೆ ಹೆಚ್ಚು ಹೋದರೆ ಮತ್ತೆ ಅಂಟಿಸಲು ಬರುವುದಿಲ್ಲ, ಮೊದಲಿನಿಂದ ಶುರು. ಸೊಂಟದ ಹತ್ತಿರ ಇಟ್ಟು, ಭುಜದ ಹತ್ತಿರ ತೆಗೆದೆ. ಪಕ್ಕದ ಉಬ್ಬುಗಳನ್ನು ಮೆತ್ತಗೆ ಮಾಡಲಿಲ್ಲ. ಆ ಕಾರು ತಿರುವಿನಲ್ಲಿ ಹೇಗೆ ಎಳೆಯುತ್ತದೆ ಎಂದು ನೀನು ಹಿಂದೆ ಹೇಳಿದ್ದು ತಲೆಯಲ್ಲಿತ್ತು. ನಾನು ಆ ಕಾರನ್ನು ಓಡಿಸಿದವಳಲ್ಲ. ನಿಂತ ಕಾರಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತೇನೆ, ಅಷ್ಟೇ.

ಇಲ್ಲಿ ಎರಡೂ ಸೀಟಿಗೆ ಒಂದೇ ಕಪ್ಪು ಬಟ್ಟೆ ಕೊಟ್ಟಿದ್ದಾರೆ. ಹೊರಗಿನಿಂದ ನೋಡಿದರೆ ಅವಳಿ ಮಕ್ಕಳು. ಯಾವುದು ಯಾರದೆಂದು ಓಡಿಸುವವರಿಗೆ ಗೊತ್ತಾಗಬಾರದು. ಗುರುತಿಗೆ ಒಂದಕ್ಕೆ ನೀಲಿ ದಾರ, ಇನ್ನೊಂದಕ್ಕೆ ಕೆಂಪು ದಾರ ಕಟ್ಟುತ್ತಾರಂತೆ. ಯಾವುದಕ್ಕೆ ಯಾವುದೆಂದು ನೀನು ಕೇಳಬೇಡ, ನಾನು ಹೇಳುವುದಿಲ್ಲ.

ನೀನು ಗಂಟಿನ ಮಾತು ಕೇಳಿದೆ. ಅದಕ್ಕೂ ಉತ್ತರವಿಲ್ಲ.

ನಿನ್ನ ಬೆನ್ನು ಏನು ಹೇಳುತ್ತದೋ ಅದನ್ನು ಬರೆ. ಆ ಸಲ ಬರೆದ ಹಾಗೆ.

ಗೇಟಿನ ಮಾಮನವರಿಗೆ ಹೇಳು, ಗುಬ್ಬಿ ಒಳ್ಳೆಯ ಹುಡುಗಿಯೇ. ಮಿಷನ್ನಿನ ಮುಂದೆ ಕೂತು ಬ್ರೆಡ್ಡಿನ ಚೂರು ಹೆಕ್ಕಿ ತಿನ್ನುತ್ತಿದ್ದಳು, ಅದಕ್ಕೆ ಆ ಹೆಸರು.

ನಿನ್ನ ಅಕ್ಕ

*

ಮೇ 12

ಅಕ್ಕಾ,

ಈ ವಾರವೆಲ್ಲ ಕೂರುವುದೇ ಕೆಲಸ. ಬೆಳಿಗ್ಗೆ ಒಂದರಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ. ನೇರ ರಸ್ತೆ, ಕಲ್ಲು ಹಾಸಿದ ರಸ್ತೆ, ಆಮೇಲೆ ಬೆಟ್ಟದ ತಿರುವಿನಂತೆ ಕಟ್ಟಿದ ರಸ್ತೆ. ನಮ್ಮಲ್ಲಿ ಉದ್ದದವನೊಬ್ಬ ಇದ್ದಾನೆ, ನಾವೆಲ್ಲ ಅವನನ್ನು ಏಣಿ ಅಂತ ಕರೆಯುತ್ತೇವೆ. ಈ ಸಲ ಅವನ ತಲೆ ಛಾವಣಿಗೆ ತಾಗಲಿಲ್ಲ. “ಕೊನೆಗೂ ನನ್ನ ಕೂದ್ಲು ಬದುಕ್ಕೊಂತು” ಅಂದ. ಎರಡು ಸೀಟಿನಲ್ಲೂ ತಾಗಲಿಲ್ಲ.

ನಿನಗೆ ಒಂದು ವಿಷಯ ಹೇಳಬೇಕು. ನನ್ನ ಶಾಲೆಯ ಚೀಲ ಸಿಕ್ಕಿತು. ಎಲ್ಲೋ ಹೋಯಿತು ಅಂದುಕೊಂಡಿದ್ದೆ. ಕತ್ತಲೆಯಲ್ಲಿ ಮುಟ್ಟಿದರೂ ನನಗೆ ಅದರ ಗುರುತು ಸಿಗುತ್ತದೆ. ಬೆರಳಿಗೆ ತಾಗಿದ ಕೂಡಲೇ ಭುಜ ನೊಂದಂತಾಯಿತು. ಇನ್ನು ಅದನ್ನು ಕಳೆದುಕೊಳ್ಳುವುದಿಲ್ಲ.

ನೀನು ನಿಶ್ಚಿಂತೆಯಾಗಿರು. ಚೆನ್ನಾಗಿ ಊಟ ಮಾಡು.

ನಿನ್ನ ತಮ್ಮ

*

ಮೇ 19

ತಮ್ಮನಿಗೆ,

ಚೀಲದ ಬಣ್ಣ ಯಾವುದು? ಅಷ್ಟು ಮಾತ್ರ ಬರೆ.

ಅಕ್ಕ

*

ಮೇ 28

ಅಕ್ಕಾ,

ಕೆಂಪು. ನಿನಗೆ ಗೊತ್ತಿಲ್ಲವೇ?

ಓಡಿಸಿ ನೋಡಿದವರಲ್ಲಿ ಅರ್ಧ ಜನ ಒಂದು ಸೀಟಿನ ಕಡೆ, ಅರ್ಧ ಜನ ಇನ್ನೊಂದರ ಕಡೆ ಆದರು. ಮೊದಲಿನಿಂದಲೂ ಆ ಕಾರು ಓಡಿಸಿದವನು ನಾನೇ ಎಂದು ಕೊನೆಗೆ ಮೈದಾನದ ಸಾಹೇಬರು ನನ್ನ ಮಾತನ್ನೇ ತೆಗೆದುಕೊಂಡರು. ಕೆಲಸ ಮುಗಿಯಿತು. ಈಗ ನನ್ನ ಎದೆಯ ಭಾರ ಇಳಿದಂತಾಗಿದೆ.

ಗೇಟಿನ ಮಾಮ ನಿನ್ನ ಕಾಗದ ನೋಡಿ, “ಒಂದೇ ಸಾಲಿಗೆ ಇಷ್ಟು ದೊಡ್ಡ ಕವರ್ ಯಾಕೆ? ಒಂದು ಚೀಲಕ್ಕೆ ಅಕ್ಕ ತಮ್ಮ ಇಬ್ರೂ ಇಷ್ಟು ಬಡ್ಕೋತೀರಲ್ಲ” ಅಂದರು.

ನಿನ್ನ ತಮ್ಮ

*

ಜುಲೈ 10

ಅಕ್ಕಾ,

ಜೂನ್ ಪೂರ್ತಿ ನಿನ್ನಿಂದ ಕಾಗದವಿಲ್ಲ. ಮೈ ಸರಿಯಿಲ್ಲವೇ? ನಾನು ಹೆಚ್ಚು ಕೇಳುವುದಿಲ್ಲ. ಟಪಾಲು ಬರುವ ಹೊತ್ತಿಗೆ ಸುಮ್ಮನೆ ಗೇಟಿನ ಕಡೆ ಹೋಗಿಬರುತ್ತೇನೆ. ನಾನು ಬಾಯಿ ತೆಗೆಯುವ ಮುಂಚೆಯೇ ಮಾಮ ತಲೆಯಾಡಿಸಿಬಿಡುತ್ತಾರೆ. ನಿನ್ನೆ, “ನನ್ ಹತ್ರ ಬೇರೆಯವ್ರ ಕಾಗದ ಇದೆ, ಬೇಕಾದ್ರೆ ಓದ್ತೀಯಾ? ಗಂಡ ಹೆಂಡ್ತಿ ಜಗಳ, ಚೆನ್ನಾಗಿದೆ” ಅಂದರು. ನನ್ನನ್ನು ನಗಿಸಲು ಹೇಳಿದ್ದು.

ಖುಷಿಯಲ್ಲಿ ಬರೆಯುವುದನ್ನು ಮರೆತಿದ್ದೀಯ ಎಂದುಕೊಂಡಿದ್ದೇನೆ. ಕೋಣೆಯಲ್ಲಿ ಕೆಲಸ ಜಾಸ್ತಿಯಾಗಿರಬೇಕು.

ಒಂದು ಸಾಲು ಬರೆ.

ನಿನ್ನ ತಮ್ಮ

*

ಆಗಸ್ಟ್ 14

ತಮ್ಮನಿಗೆ,

ಕೋಣೆ ಮುಚ್ಚಿತು. ಮಿಷನ್ನುಗಳನ್ನು ಹೊರಗೆ ಸಾಗಿಸುವಾಗ ನೆಲದ ಮೇಲೆ ಅವುಗಳ ಕಾಲಿನ ಗುರುತು ಉಳಿದಿತ್ತು. ನನ್ನ ಕುರ್ಚಿ ಇದ್ದ ಜಾಗದಲ್ಲಿ ನೆಲ ಸ್ವಲ್ಪ ಸವೆದಿತ್ತು. ಈಗ ಅಲ್ಲಿ ಪರದೆಯವರ ಮೇಜುಗಳು ಬಂದಿವೆ. ನಾನು ಮನೆಯಲ್ಲಿದ್ದೇನೆ. ಬೀದಿಯವರ ಸೋಫಾ, ಕುರ್ಚಿಯ ದಿಂಬು ಹೊಲಿಯುತ್ತೇನೆ. ಮೈ ಚೆನ್ನಾಗಿದೆ.

ಈಗ ಬಿಡಿಸಿ ಹೇಳುತ್ತೇನೆ. ಗೇಟಿನ ಮಾಮನವರು ಓದಿದರೆ ಓದಲಿ, ಇದರಲ್ಲಿ ಕಾರಿನ ಚಿತ್ರವಿಲ್ಲ.

ನನ್ನದು ನೀಲಿ ದಾರದ ಸೀಟು.

ನೀನು ಗಂಟಿನ ಮಾತು ಬರೆದ ದಿನವೇ ನನಗೆ ಅನುಮಾನ ಬಂತು. ಸೀಟಿನ ಅಡಿಗೆ ಕೈ ಹಾಕಿ ಹುಡುಕುತ್ತೀಯ, ಗಂಟು ಸಿಕ್ಕಿದರೆ ಇದು ಅಕ್ಕನದು ಎಂದು ತಿಳಿಯುತ್ತೀಯ, ಆಮೇಲೆ ನಿನ್ನ ಬೆನ್ನಿನ ಮಾತನ್ನು ನೀನು ಕೇಳುವುದಿಲ್ಲ. ಅದಕ್ಕೇ ಆ ಸೀಟಿಗೆ ನಾನು ಗಂಟು ಹಾಕಲಿಲ್ಲ. ಮಿಷನ್ನಿನಲ್ಲೇ ಹಿಂದೆ ಮುಂದೆ ಹೊಲಿದು ದಾರ ಕತ್ತರಿಸಿದೆ. ಕೈ ತಾನಾಗಿ ಗಂಟಿಗೆ ಹೋಗುತ್ತಿತ್ತು, ಹಿಡಿದುಕೊಂಡೆ. ನಾನು ಗೆಲ್ಲಬೇಕೆಂದಿದ್ದೆ. ಆದರೆ ತಮ್ಮನ ಕೈಯಿಂದ ಬಿಟ್ಟಿ ಗೆಲುವು ಬೇಡವೆಂದಿದ್ದೆ.

ಗುಬ್ಬಿ ನನ್ನ ಕೈಯಲ್ಲಿ ಕಲಿತವಳು. ಆ ಗಂಟನ್ನೂ ನನ್ನ ಕೈಯಲ್ಲೇ ಕಲಿತವಳು. ಅದು ಮಾತ್ರ ನನಗೆ ಹೊಳೆಯಲಿಲ್ಲ. ಅಷ್ಟು ವರ್ಷ ಅವಳ ಪಕ್ಕ ಕೂತವಳಿಗೆ ಹೊಳೆಯಲಿಲ್ಲ. ಕೆಂಪು ಸೀಟಿನ ಅಡಿಯಲ್ಲಿ ನಿನ್ನ ಬೆರಳಿಗೆ ತಾಗಿದ್ದು ಅವಳ ಗಂಟು.

ಕೆಂಪು ಎಂದು ನೀನು ಬರೆದ ಕಾಗದ ಬಂದಾಗ ಒಲೆಯ ಮೇಲೆ ಹಾಲು ಇತ್ತು. ಉಕ್ಕಿತು. ಒರೆಸಿದೆ. ಆಮೇಲೆ ನಿನಗೆ ಏನು ಬರೆಯುವುದೆಂದು ಗೊತ್ತಾಗಲಿಲ್ಲ. ಬೈಯಲು ಹೋದರೆ ನೀನು ಯಾಕೆ ಹಾಗೆ ಮಾಡಿದೆ ಎಂಬುದು ಎದುರಿಗೆ ಬರುತ್ತಿತ್ತು. ಬಿಡಲು ಹೋದರೆ ಕೋಣೆ ಎದುರಿಗೆ ಬರುತ್ತಿತ್ತು.

ನನಗೆ ಒಂದೇ ವಿಷಯ ಗೊತ್ತಾಗಬೇಕು. ಗಂಟು ಸಿಗುವ ಮೊದಲು ನಿನ್ನ ಬೆನ್ನು ಯಾವುದನ್ನು ಕೇಳಿತ್ತು?

ಕೆಂಪನ್ನೇ ಕೇಳಿದ್ದರೆ ಹಾಗೆಯೇ ಬರೆ. ಅದು ನನಗೆ ಸುಲಭ.

ಅಕ್ಕ

*

ಸೆಪ್ಟೆಂಬರ್ 20

ಅಕ್ಕಾ,

ಮಾಮ ನಿನ್ನ ಕಾಗದವನ್ನು ನನ್ನ ಕೈಗೆ ಕೊಟ್ಟರು. ಮರುದಿನ ಕರೆದರು. “ಸುಳ್ಳು ಬರೆದೋನು ನೀನು, ಅದನ್ನ ಓದಿ ಹೊರಗೆ ಬಿಟ್ಟೋನು ನಾನು. ಚೀಲ ಅಂದ್ರೆ ಚೀಲ ಅಂತಾನೇ ಅನ್ಕೊಂಡ್ನಲ್ಲ, ನನ್ ಬುದ್ಧಿಗಿಷ್ಟು” ಅಂದರು. ಆಮೇಲೆ ಅವರೇ ಟೀ ತರಿಸಿಕೊಟ್ಟರು.

ನೀಲಿ. ಬೆನ್ನು ನೀಲಿಯನ್ನು ಕೇಳಿತ್ತು. ಮೊದಲ ದಿನವೇ ಕೇಳಿತ್ತು. ಅದರಲ್ಲಿ ಕೂತರೆ ಸ್ವಲ್ಪ ಹೊತ್ತಿಗೆ ಸೀಟು ಇದೆ ಎಂಬುದೇ ಮರೆತುಹೋಗುತ್ತಿತ್ತು. ಕೆಂಪು ಮೊದಲಿಗೆ ಮೆತ್ತಗೆ, ಹಿತವಾಗಿರುತ್ತಿತ್ತು. ತಿರುವು ಬಂದಾಗ ಮೈ ಜಾರುತ್ತಿತ್ತು. ಮೊಣಕಾಲನ್ನು ಬಾಗಿಲಿಗೆ ಒತ್ತಿ ಹಿಡಿದುಕೊಳ್ಳಬೇಕಿತ್ತು. ಹಾಗೆ ಒತ್ತಿಕೊಂಡೇ, ಇದು ಅಕ್ಕನದು, ನಾನೇ ಸರಿಯಾಗಿ ಕೂತಿಲ್ಲ ಎಂದುಕೊಂಡೆ. ನೀಲಿಯನ್ನು ಕಂಡರೆ ಸಿಟ್ಟು ಬರುತ್ತಿತ್ತು. ಇಷ್ಟು ಚೆನ್ನಾಗಿ ಯಾಕೆ ಮಾಡಿದ್ದಾರೆ ಇವರು ಎಂದು.

ಸಾಹೇಬರಿಗೆ ಹೋಗಿ ಹೇಳಿದೆ. ಅವರು ಕಿರುಚಾಡಲಿಲ್ಲ. “ಅಚ್ಚೆಲ್ಲ ಆಗೋಯ್ತು, ಸೀಟುಗಳು ಲೈನಿಗೆ ಬರ್ತಿವೆ. ಈಗ ಬಂದು ಹೇಳ್ತೀಯಲ್ಲ, ನಾನೇನ್ ಮಾಡ್ಲಿ?” ಅಂದರು. ಇನ್ನು ಮುಂದೆ ಯಾವ ಕಾರಿನ ವಿಷಯದಲ್ಲೂ ನನ್ನ ಅಭಿಪ್ರಾಯ ಕೇಳುವುದಿಲ್ಲ ಎಂದರು. ಈಗ ಟೈರು ಸವೆಸುವ ಕೆಲಸ ಕೊಟ್ಟಿದ್ದಾರೆ. ಸವೆಯುವ ತನಕ ಸುತ್ತುವುದು, ಮತ್ತೆ ಹೊಸದು ಹಾಕಿ ಸುತ್ತುವುದು. ಏನೂ ಬರೆಯುವಂತಿಲ್ಲ. ಅದು ಅವರು ಕೊಟ್ಟ ಶಿಕ್ಷೆಯಾದರೆ ಸರಿಯಾಗಿಯೇ ಇದೆ.

ನೀಲಿ ಸೀಟನ್ನು ಗುಜರಿಗೆ ಹಾಕಲು ಎತ್ತಿಟ್ಟಿದ್ದರು. ಕೇಳಿದೆ, ತೆಗೆದುಕೋ ಅಂದರು. ಗೇಟಿನಿಂದ ಹೊರಗೆ ಒಯ್ಯುವಂತಿಲ್ಲ. ಅದಕ್ಕೆ ಗೇಟಿನಲ್ಲೇ ಇಟ್ಟೆ. ಮಾಮ ಅದರ ಮೇಲೆ ಕೂತು ಕಾಗದ ಓದುತ್ತಾರೆ. ಮೊದಲ ದಿನ ಹುಬ್ಬೇರಿಸಿದರು, ಎರಡನೇ ದಿನ ಬೆನ್ನ ಹಿಂದಿನ ದಿಂಬು ತೆಗೆದಿಟ್ಟರು. ಈಗ ಊಟಕ್ಕೂ ಏಳುವುದಿಲ್ಲ.

ನೀನು ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಬೇಕಾದರೆ ಇನ್ನೊಂದು ಇದೆ. ಬರೆಯಲೋ ಬೇಡವೋ ಎಂದು ಯೋಚಿಸಿದೆ. ನೀಲಿಯಲ್ಲೂ ಒಂದು ಕೊರತೆ ಇತ್ತು. ಬಹಳ ದೂರ ಓಡಿಸಿದ ಮೇಲೆ ಬಲತೊಡೆಯ ಕೆಳಗೆ ಎತ್ತಿದಂತಾಗುತ್ತಿತ್ತು. ಕಾಲು ಮರಗಟ್ಟುತ್ತಿತ್ತು. ಮಾಮನನ್ನೂ ಕೇಳಿದೆ. “ಹೌದಪ್ಪ, ಬಲಗಡೆ ಸ್ವಲ್ಪ. ನನ್ ವಯಸ್ಸಿಗೆ ಅಂತ ಸುಮ್ಮನಿದ್ದೆ” ಅಂದರು.

ಕ್ಷಮಿಸು ಎಂದು ಬರೆದರೆ ನೀನು ಓದುವುದನ್ನು ಅಲ್ಲಿಗೇ ನಿಲ್ಲಿಸುತ್ತೀಯ. ಅದಕ್ಕೆ ಬರೆಯುವುದಿಲ್ಲ.

ತಮ್ಮ

*

ಅಕ್ಟೋಬರ್ 30

ತಮ್ಮನಿಗೆ,

ಹೊಸ ಮುಖದ ಕೂಪೆ ಬೀದಿಗೆ ಬಂದಿದೆ. ಮೊನ್ನೆ ಸಿಗ್ನಲ್ಲಿನಲ್ಲಿ ಒಂದು ನಿಂತಿತ್ತು. ಪಟ್ಟೆ ಗಿಟ್ಟೆ ಏನೂ ಇಲ್ಲ, ಬರೀ ಕೆಂಪು. ಮೂಗು ಚೆನ್ನಾಗಿಯೇ ಇದೆ. ಓಡಿಸುವವನ ಮೊಣಕಾಲು ಬಾಗಿಲಿಗೆ ಒತ್ತಿದೆಯೇ ಎಂದು ಬಗ್ಗಿ ನೋಡಿದೆ. ಅವನು ನನ್ನನ್ನು ಏನೆಂದುಕೊಂಡನೋ, ಗಾಜು ಏರಿಸಿದ.

ಅದಾದ ಮೇಲೆ ಗುಬ್ಬಿ ಬಂದಿದ್ದಳು. ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದು ಎರಡು ಸಲ ಹೇಳಬೇಕಾಯಿತು.

“ತಿರುವಲ್ಲಿ ಜಾರತ್ತೆ ಅಂತ ದೂರು ಬರ್ತಿದೆ ಅಕ್ಕ. ಮುಂದೆ ಬರೋ ಕಾರುಗಳಿಗೆ ಸರಿ ಮಾಡ್ಕೊಡಿ ಅಂದಿದ್ದಾರೆ. ಎಲ್ಲಿ ತಪ್ಪಿದ್ದೀನಿ ಅಂತಾನೇ ಗೊತ್ತಾಗ್ತಿಲ್ಲ.”

“ಅದಕ್ಕೆ ನನ್ನ ಹತ್ರ ಯಾಕೆ ಬಂದೆ?”

“ಮತ್ತೆಲ್ಲಿಗೆ ಹೋಗ್ಲಿ?”

ಅವಳಿಗೆ ಏನೂ ಗೊತ್ತಿಲ್ಲ. ತನ್ನ ಸೀಟು ಚೆನ್ನಾಗಿತ್ತು, ಗೆದ್ದಿತು ಎಂದೇ ತಿಳಿದಿದ್ದಾಳೆ. ನಾನೂ ಹೇಳಲಿಲ್ಲ. ಅವಳು ಮಾಡಿದ ತಪ್ಪಾದರೂ ಏನು? ಕಲಿಸಿದ್ದನ್ನು ಕಲಿಸಿದ ಹಾಗೆ ಹೊಲಿದಳು. “ಇನ್ಮೇಲೆ ಆ ಗಂಟು ಬಿಡು” ಅಂದೆ. “ಯಾಕಕ್ಕ, ಗಟ್ಟಿ ಇರತ್ತಲ್ಲ?” ಅಂದಳು. “ಗಟ್ಟಿ ಇರತ್ತೆ, ಬಿಡು” ಅಂದೆ. ಪಾಪ, ಪಿಳಿಪಿಳಿ ನೋಡಿದಳು.

ಅವಳೇ ಹೇಳಿ ಕೆಲಸ ಕೊಡಿಸಿದ್ದಾಳೆ, ಸೋಮವಾರದಿಂದ ನಾನು ಅವರ ಕಾರ್ಖಾನೆಗೆ ಹೋಗುತ್ತೇನೆ. ಅಲ್ಲಿ ಅವಳು ಮೇಲೆ, ನಾನು ಕೆಳಗೆ. ಕಿಟಕಿಯಿಲ್ಲದ ಕೋಣೆಯಂತೆ, ಟ್ಯೂಬ್‌ಲೈಟು. ಸರಿಹೋಗಬಹುದು.

ನಿನ್ನ ಕಾಗದವನ್ನು ಬಂದ ದಿನವೇ ಓದಿದೆ. ನೀಲಿ ಎಂಬಲ್ಲಿಗೆ ನಿಲ್ಲಿಸಿ, ಎದ್ದು, ಮನೆಯಲ್ಲಿ ಒಂದು ಸುತ್ತು ಓಡಾಡಿ ಬಂದೆ. ಆಮೇಲೆ ಮುಂದಿನದನ್ನು ಓದಿದೆ. ಆ ಸಲ ನೀನು ಮುದುಕನಾಗಿರುತ್ತೇನೆ ಎಂದು ಬರೆದದ್ದಕ್ಕೇ ನಾನು ಆ ಸೀಟನ್ನು ಬಿಚ್ಚಿದ್ದು. ಬಿಚ್ಚಿದ್ದಕ್ಕೇ ಸೊಂಟದ ಜಾಗ ಎಲ್ಲಿದೆ ಎಂದು ನನಗೆ ಗೊತ್ತಾದದ್ದು. ಇದನ್ನು ನಾನು ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ನೀನು ಆ ಮಾತಿನ ಋಣ ತೀರಿಸಲೆಂದು ಸೀಟಿನ ಅಡಿಗೆ ಕೈ ಹಾಕುತ್ತಿರಲಿಲ್ಲವೇನೋ.

ಬಲತೊಡೆ ಅಂದೆಯಲ್ಲ. ಅದು ಪೆಡಲ್ ತುಳಿಯುವ ಕಾಲು, ಎಡಗಾಲಿನಂತೆ ಸುಮ್ಮನೆ ಇರುವುದಿಲ್ಲ. ಎರಡೂ ಕಡೆ ಸಮ ಸವರಿದ್ದು ತಪ್ಪಾಯಿತು. ನಿಂತ ಕಾರಿನಲ್ಲಿ ಕಣ್ಣು ಮುಚ್ಚಿ ಕೂತವಳಿಗೆ ಇದು ಹೇಗೆ ತಿಳಿಯಬೇಕು? ಗುಬ್ಬಿಯ ಸೀಟಿಗೆ ಕೈ ಹಾಕುವ ಮೊದಲು ನನಗೆ ಇದು ಬೇಕು. ನಿನ್ನ ಅಭಿಪ್ರಾಯವನ್ನು ಸಾಹೇಬರು ಕೇಳುವುದಿಲ್ಲ ಅಂದರೆ ಕೇಳದಿರಲಿ.

ಮಾಮನವರನ್ನು ಒಂದು ಗಳಿಗೆ ಎಬ್ಬಿಸಿ, ನೀನು ಕೂತು ನೋಡು. ಎತ್ತಿದಂತಾಗುವುದು ಮೊಣಕಾಲಿನ ಹತ್ತಿರವೋ, ಇನ್ನೂ ಹಿಂದೆಯೋ? ಮೊದಲು ಜುಮ್ಮೆನ್ನುವುದು ಎಲ್ಲಿ? ಬಿಡಿಸಿ ಬರೆ. ಓದಿದವರು ನಗುವ ಹಾಗಿದ್ದರೂ ಬರೆ.

ನಿನ್ನ ಅಕ್ಕ